ಫರ್ನಾಂಡೊ ಮಾರ್ಟಿನ್

ಫರ್ನಾಂಡೊ ಮಾರ್ಟಿನ್ ಎಸ್ಪಿನಾ (ಮಾರ್ಚ್ 25, 1962 – ಡಿಸೆಂಬರ್ 3, 1989) ಸ್ಪೇನ್ ದೇಶದ ಹೆಸರಾಂತ ಬ್ಯಾಸ್ಕೆಟ್‌ಬಾಲ್ ಆಟಗಾರರು. ಮ್ಯಾಡ್ರಿಡ್ ನಗರದ ಎಸ್ತುದಿಯಾಂತೆಸ್ ಮತ್ತು ರಿಯಲ್ ಮ್ಯಾಡ್ರಿಡ್ ಕ್ಲಬ್ಬುಗಳ ಪರವಾಗಿ ಆಡಿದ ಇವರು, 1986ರಲ್ಲಿ ಅಮೆರಿಕದ ವೃತ್ತಿಪರ ಲೀಗ್ ಆದ ಎನ್.ಬಿ.ಎ.ಯಲ್ಲಿ ಕಣಕ್ಕಿಳಿದ ಮೊದಲ ಸ್ಪೇನ್ ಆಟಗಾರರೆನಿಸಿದರು. 1984ರ ಲಾಸ್ ಏಂಜಲೀಸ್ ಒಲಿಂಪಿಕ್ ಕ್ರೀಡಾಕೂಟದಲ್ಲಿ ಬೆಳ್ಳಿಯ ಪದಕ ಗೆದ್ದ ಸ್ಪೇನ್ ತಂಡದ ಮುಖ್ಯ ಆಟಗಾರರಲ್ಲಿ ಒಬ್ಬರು. ತಮ್ಮ 27ನೆಯ ವಯಸ್ಸಿನಲ್ಲಿ, ಪಂದ್ಯದ ಅಂಗಣಕ್ಕೆ ಹೋಗುವ ದಾರಿಯಲ್ಲಿ ಸಂಭವಿಸಿದ ಕಾರು ಅಪಘಾತದಲ್ಲಿ ನಿಧನರಾದರು. ಅವರು ಧರಿಸುತ್ತಿದ್ದ 10ನೆಯ ಸಂಖ್ಯೆಯ ಅಂಗಿಯನ್ನು ರಿಯಲ್ ಮ್ಯಾಡ್ರಿಡ್ ಅವರ ನೆನಪಿಗಾಗಿ ನಿವೃತ್ತಿಗೊಳಿಸಿತು.

ಬಾಲ್ಯ ಮತ್ತು ಆರಂಭದ ದಿನಗಳು

ಮಾರ್ಟಿನ್ ಅವರು ಹುಟ್ಟಿ ಬೆಳೆದದ್ದು ಸ್ಪೇನಿನ ರಾಜಧಾನಿ ಮ್ಯಾಡ್ರಿಡ್‌ನಲ್ಲಿ. ಬಾಲ್ಯದಲ್ಲಿ ಅವರನ್ನು ಮೊದಲು ಸೆಳೆದದ್ದು ಬ್ಯಾಸ್ಕೆಟ್‌ಬಾಲ್ ಅಲ್ಲ. ಈಜು, ಹ್ಯಾಂಡ್‌ಬಾಲ್, ಜೂಡೊ, ಟೇಬಲ್ ಟೆನಿಸ್ ಹೀಗೆ ಹಲವು ಕ್ರೀಡೆಗಳಲ್ಲಿ ಅವರು ಪರಿಶ್ರಮ ಪಟ್ಟಿದ್ದರು. ಈಜಿನಲ್ಲಂತೂ ತಮ್ಮ ಪ್ರಾಂತದಲ್ಲಿ ಹೆಸರು ಮಾಡಿದ್ದರು. ಬ್ಯಾಸ್ಕೆಟ್‌ಬಾಲ್ ಚೆಂಡನ್ನು ಗಂಭೀರವಾಗಿ ಕೈಗೆತ್ತಿಕೊಂಡದ್ದು ಹದಿಹರೆಯದ ನಡುವಿನಲ್ಲಿ. ಯುರೋಪಿನ ಬಹುಪಾಲು ಆಟಗಾರರು ಎಂಟು ಹತ್ತು ವರ್ಷದ ವಯಸ್ಸಿಗೇ ಈ ಆಟದ ಅಭ್ಯಾಸ ಆರಂಭಿಸುತ್ತಾರೆ ಎಂಬುದನ್ನು ಗಮನಿಸಿದರೆ ಇದು ತಡವಾದ ಆರಂಭವೇ ಸರಿ. ಆದರೆ ಈಜಿನಿಂದ ಬಂದ ಭುಜಬಲವೂ ಜೂಡೊ ಕಲಿಸಿದ ದೇಹದ ಸಮತೋಲನವೂ ಮುಂದೆ ಬುಟ್ಟಿಯ ಕೆಳಗಿನ ನೂಕುನುಗ್ಗಲಿನಲ್ಲಿ ಅವರಿಗೆ ಒದಗಿ ಬಂದವು.

ಅವರನ್ನು ಆಟಗಾರನನ್ನಾಗಿ ರೂಪಿಸಿದ್ದು ಎಸ್ತುದಿಯಾಂತೆಸ್. ಮ್ಯಾಡ್ರಿಡ್‌ನ ರಮಿರೊ ದೆ ಮಾಯೆಸ್ತು ಎಂಬ ಪ್ರೌಢಶಾಲೆಯಲ್ಲಿ 1948ರಲ್ಲಿ ಹುಟ್ಟಿಕೊಂಡ ಈ ಕ್ಲಬ್ಬಿನ ಹೆಸರಿಗೆ ವಿದ್ಯಾರ್ಥಿಗಳು ಎಂದೇ ಅರ್ಥ. ಹಣಬಲದಲ್ಲಿ ಚಿಕ್ಕದಾದರೂ ಎಳೆಯ ಆಟಗಾರರನ್ನು ಹುಡುಕಿ ಬೆಳೆಸುವುದರಲ್ಲಿ ಅದು ಸ್ಪೇನಿನಲ್ಲಿ ಮೊದಲಿನಿಂದಲೂ ಹೆಸರುವಾಸಿ. ಇಲ್ಲಿನ ಕಿರಿಯರ ತಂಡದಲ್ಲಿ ಪಳಗಿದ ಮಾರ್ಟಿನ್ 1979ರಲ್ಲಿ, ಹದಿನೇಳರ ಹರೆಯದಲ್ಲಿ, ಮುಖ್ಯ ತಂಡಕ್ಕೆ ಬಂದರು. 1980–81ರ ಋತುವಿನಲ್ಲಿ ಎಸ್ತುದಿಯಾಂತೆಸ್ ರಾಷ್ಟ್ರೀಯ ಲೀಗಿನಲ್ಲಿ ಎರಡನೆಯ ಸ್ಥಾನ ಪಡೆಯಿತು. ಆ ಋತು ಮುಗಿಯುವ ಹೊತ್ತಿಗೆ ದೇಶದ ದೊಡ್ಡ ಕ್ಲಬ್ಬುಗಳ ಕಣ್ಣು ಈ ಎತ್ತರದ ಹುಡುಗನ ಮೇಲೆ ಬಿದ್ದಿತ್ತು.

ರಿಯಲ್ ಮ್ಯಾಡ್ರಿಡ್ ಸೇರ್ಪಡೆ

ಫುಟ್‌ಬಾಲಿನಿಂದ ಲೋಕಪ್ರಸಿದ್ಧವಾದ ರಿಯಲ್ ಮ್ಯಾಡ್ರಿಡ್ ಕ್ಲಬ್ಬಿಗೆ 1931ರಿಂದ ಬ್ಯಾಸ್ಕೆಟ್‌ಬಾಲ್ ವಿಭಾಗವೂ ಇದೆ. 1950ರ ದಶಕದಿಂದ ಆಡಳಿತಗಾರ ರೈಮುಂಡೊ ಸಪೊರ್ತಾ ಮತ್ತು ನಂತರ ತರಬೇತುದಾರ ಪೆದ್ರೊ ಫೆರಾಂಡಿಸ್ ಅವರ ದುಡಿಮೆಯಿಂದ ಈ ವಿಭಾಗ ಯುರೋಪಿನ ಅಗ್ರಪಂಕ್ತಿಗೆ ಏರಿತು. 1964ರಿಂದ 1980ರವರೆಗಿನ ಅವಧಿಯಲ್ಲಿ ಅದು ಏಳು ಬಾರಿ ಯುರೋಪಿಯನ್ ಕಪ್ ಗೆದ್ದಿತ್ತು. ಅಂತಹ ತಂಡವೊಂದರಲ್ಲಿ ಹೊಸಬರು ಕಾಲೂರುವುದು ಸುಲಭವಲ್ಲ.

1981ರಲ್ಲಿ ಮಾರ್ಟಿನ್ ಈ ತಂಡವನ್ನು ಸೇರಿದಾಗ ಲೋಲೊ ಸಾಯಿನ್ಸ್ ತರಬೇತುದಾರರಾಗಿದ್ದರು. ಚೆಂಡನ್ನು ಮುನ್ನಡೆಸಲು ಹುವಾನ್ ಆಂಟೋನಿಯೊ ಕೊರ್ಬಲಾನ್, ದೂರದಿಂದ ಗುರಿಯಿಡಲು ವೇಯ್ನ್ ಬ್ರಾಬೆಂಡರ್, ಎರಡು ಮೀಟರಿಗೂ ಎಷ್ಟೋ ಮಿಗಿಲಾದ ಎತ್ತರದ ಫರ್ನಾಂಡೊ ರೊಮಾಯ್, ಬೋಸ್ನಿಯಾದಿಂದ ಬಂದ ಕುಶಲ ಆಟಗಾರ ಮಿರ್ಜಾ ದೆಲಿಬಾಶಿಚ್ ಮೊದಲಾದವರು ಆ ತಂಡದಲ್ಲಿದ್ದರು. ಆ ವರ್ಷವೇ ಬ್ರೆಜಿಲ್‌ನ ಸಾವೊ ಪಾಲೊದಲ್ಲಿ ನಡೆದ ವಿಶ್ವ ಕ್ಲಬ್ಬುಗಳ ಕಪ್ ರಿಯಲ್ ಮ್ಯಾಡ್ರಿಡ್‌ನ ಪಾಲಾಯಿತು. ಮರುವರ್ಷ, 1982ರಲ್ಲಿ, ರಾಷ್ಟ್ರೀಯ ಲೀಗ್ ಪ್ರಶಸ್ತಿಯೂ ಬಂತು.

ಆಟದ ಶೈಲಿ

ಮಾರ್ಟಿನ್ ಸುಮಾರು 2.05 ಮೀಟರ್ ಎತ್ತರವಿದ್ದರು. ಪವರ್ ಫಾರ್ವರ್ಡ್ ಮತ್ತು ಸೆಂಟರ್ ಸ್ಥಾನಗಳಲ್ಲಿ, ಅಂದರೆ ಎದುರಾಳಿಯ ಬುಟ್ಟಿಗೆ ಅತ್ಯಂತ ಹತ್ತಿರದಲ್ಲಿ, ಆಡುತ್ತಿದ್ದರು. ಸೆಂಟರ್ ಸ್ಥಾನಕ್ಕೆ ಈ ಎತ್ತರ ಹೆಚ್ಚೇನಲ್ಲ. ಆ ಕಾಲದ ಸೋವಿಯತ್ ಮತ್ತು ಯುಗೊಸ್ಲಾವಿಯಾ ತಂಡಗಳಲ್ಲಿ ಅವರಿಗಿಂತ ಹತ್ತು ಹದಿನೈದು ಸೆಂಟಿಮೀಟರ್ ಎತ್ತರದವರು ಇರುತ್ತಿದ್ದರು. ಅವರ ನಿಜವಾದ ಬಲ ಇದ್ದದ್ದು ಜಿಗಿತದಲ್ಲಿ, ಗಟ್ಟಿಮುಟ್ಟಾದ ಮೈಕಟ್ಟಿನಲ್ಲಿ ಮತ್ತು ಹಿಂಜರಿಯದ ಮನೋಭಾವದಲ್ಲಿ. ಬುಟ್ಟಿಗೆ ಬೀಳದೆ ಪುಟಿದು ಬರುವ ಚೆಂಡನ್ನು ಹಿಡಿಯುವುದಕ್ಕೆ ರೀಬೌಂಡ್ ಎನ್ನುತ್ತಾರೆ. ಈ ಕೆಲಸದಲ್ಲಿ ಅವರನ್ನು ಮೀರಿಸುವವರು ಸ್ಪೇನಿನಲ್ಲಿ ವಿರಳ. ಅದುವರೆಗೆ ಸ್ಪೇನಿನ ಬ್ಯಾಸ್ಕೆಟ್‌ಬಾಲ್ ಎಂದರೆ ಚುರುಕಾದ ಓಟ, ದೂರದ ಎಸೆತ ಎಂಬ ಭಾವನೆ ಬೇರೂರಿತ್ತು. ಬುಟ್ಟಿಯ ಕೆಳಗಿನ ಶ್ರಮದ ಕೆಲಸಕ್ಕೆ ಕ್ಲಬ್ಬುಗಳು ಅಮೆರಿಕದ ಆಟಗಾರರನ್ನು ಕರೆತರುವುದು ವಾಡಿಕೆಯಾಗಿತ್ತು. ಅಂತಹ ಅಮೆರಿಕನ್ನರಿಗೆ ಎದೆಕೊಟ್ಟು ನಿಂತ ಸ್ಥಳೀಯ ಹುಡುಗನೆಂಬುದೇ ಮಾರ್ಟಿನ್ ಅವರ ಜನಪ್ರಿಯತೆಗೆ ಮುಖ್ಯ ಕಾರಣವಾಯಿತು.

ಈ ಛಲ ಕೆಲವೊಮ್ಮೆ ಎಲ್ಲೆ ಮೀರಿದ್ದೂ ಉಂಟು. 1983–84ರಲ್ಲಿ ಸ್ಪೇನಿನ ಕ್ಲಬ್ಬುಗಳ ಸಂಘವಾದ ಎ.ಸಿ.ಬಿ.ಯ ಹೊಣೆಯಲ್ಲಿ ಲೀಗ್ ಹೊಸ ರೂಪ ಪಡೆಯಿತು. ಅದರ ಮೊದಲ ಫೈನಲ್ ಸರಣಿಯಲ್ಲಿ ರಿಯಲ್ ಮ್ಯಾಡ್ರಿಡ್ ಮತ್ತು ಬಾರ್ಸಿಲೋನಾ ಎದುರಾದವು. ಬಾರ್ಸಿಲೋನಾದಲ್ಲಿ ನಡೆದ ಎರಡನೆಯ ಪಂದ್ಯದಲ್ಲಿ ಎದುರಾಳಿ ತಂಡದ ಮೈಕ್ ಡೇವಿಸ್ ಹಾಗೂ ರಿಯಲ್ ಮ್ಯಾಡ್ರಿಡ್‌ನ ಹುವಾನ್ ಮಾನುಯೆಲ್ ಲೋಪೆಸ್ ಇಟುರಿಯಾಗ ಅವರ ನಡುವೆ ಹೊಡೆದಾಟ ನಡೆದು ಮಾರ್ಟಿನ್ ಅವರೂ ಅದರಲ್ಲಿ ಸಿಲುಕಿದರು. ಶಿಸ್ತು ಸಮಿತಿಯ ತೀರ್ಮಾನದಿಂದ ಅಸಮಾಧಾನಗೊಂಡ ಬಾರ್ಸಿಲೋನಾ ಮೂರನೆಯ ಪಂದ್ಯಕ್ಕೆ ಬರಲೇ ಇಲ್ಲ. ಪ್ರಶಸ್ತಿ ರಿಯಲ್ ಮ್ಯಾಡ್ರಿಡ್‌ಗೆ ಸಂದಿತು. ಅಂಗಣದಲ್ಲಿ ನಿರ್ಧಾರವಾಗದ ಈ ಗೆಲುವಿನ ಬಗ್ಗೆ ಎರಡೂ ನಗರಗಳ ಅಭಿಮಾನಿಗಳು ಬಹುಕಾಲ ವಾದಿಸಿದರು.

ಗೆಲುವಿನ ವರ್ಷಗಳು

1984ರಿಂದ 1986ರವರೆಗೆ ರಿಯಲ್ ಮ್ಯಾಡ್ರಿಡ್ ಸತತ ಮೂರು ಬಾರಿ ಲೀಗ್ ಗೆದ್ದಿತು. 1985 ಮತ್ತು 1986ರಲ್ಲಿ ರಾಜನ ಹೆಸರಿನ ಕಪ್ ಆದ ಕೋಪಾ ದೆಲ್ ರೇ ಸಹ ಅದರದಾಯಿತು. 1984ರ ಮಾರ್ಚ್‌ನಲ್ಲಿ ಬೆಲ್ಜಿಯಂನ ಓಸ್ಟೆಂಡ್ ನಗರದಲ್ಲಿ ನಡೆದ ಯುರೋಪಿಯನ್ ಕಪ್ ವಿಜೇತರ ಕಪ್ ಫೈನಲ್‌ನಲ್ಲಿ ಇಟಲಿಯ ಮಿಲಾನ್ ತಂಡವನ್ನು 82–81ರಿಂದ, ಒಂದೇ ಅಂಕದ ಅಂತರದಲ್ಲಿ, ಸೋಲಿಸಿತು.

ಆದರೆ ಕ್ಲಬ್ಬು ಎಲ್ಲಕ್ಕಿಂತ ಹೆಚ್ಚಾಗಿ ಬಯಸುತ್ತಿದ್ದ ಯುರೋಪಿಯನ್ ಕಪ್ ಮಾರ್ಟಿನ್ ಅವರ ಕೈಗೆ ಎಂದೂ ಸಿಗಲಿಲ್ಲ. 1985ರಲ್ಲಿ ಅಥೆನ್ಸ್ ಬಳಿ ನಡೆದ ಫೈನಲ್‌ನಲ್ಲಿ ಯುಗೊಸ್ಲಾವಿಯಾದ ಸಿಬೊನಾ ಜಾಗ್ರೆಬ್ ತಂಡ 87–78ರಿಂದ ಗೆದ್ದಿತು. ಆ ಪಂದ್ಯದಲ್ಲಿ 36 ಅಂಕ ಗಳಿಸಿದ ಇಪ್ಪತ್ತರ ತರುಣ ಡ್ರಾಜೆನ್ ಪೆಟ್ರೋವಿಚ್ ಅಂದಿನಿಂದ ರಿಯಲ್ ಮ್ಯಾಡ್ರಿಡ್ ಅಭಿಮಾನಿಗಳ ಕಣ್ಣಿಗೆ ಮೊದಲ ವೈರಿಯಾದರು. ಮುಂದೆ ಅದೇ ಪೆಟ್ರೋವಿಚ್ ಮಾರ್ಟಿನ್ ಅವರ ಸಹ ಆಟಗಾರರಾಗಲಿದ್ದರು.

ರಾಷ್ಟ್ರೀಯ ತಂಡದಲ್ಲಿ

ಆಂಟೋನಿಯೊ ಡಿಯಾಸ್ ಮಿಗೆಲ್ ಅವರ ತರಬೇತಿಯಲ್ಲಿದ್ದ ಸ್ಪೇನ್ ತಂಡಕ್ಕೆ ಮಾರ್ಟಿನ್ 1981ರಿಂದ ಆಡತೊಡಗಿದರು. 1982ರಲ್ಲಿ ಕೊಲಂಬಿಯಾದಲ್ಲಿ ನಡೆದ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಸ್ಪೇನ್ ಅಮೆರಿಕವನ್ನು 109–99ರಿಂದ ಮಣಿಸಿ ನಾಲ್ಕನೆಯ ಸ್ಥಾನ ಪಡೆಯಿತು. 1983ರಲ್ಲಿ ಫ್ರಾನ್ಸ್‌ನ ನಾಂಟ್ ನಗರದಲ್ಲಿ ಮುಗಿದ ಯುರೋಪಿಯನ್ ಚಾಂಪಿಯನ್‌ಶಿಪ್‌ನ ಸೆಮಿಫೈನಲ್‌ನಲ್ಲಿ ಬಲಾಢ್ಯ ಸೋವಿಯತ್ ಒಕ್ಕೂಟವನ್ನು 95–94ರಿಂದ ಹಿಮ್ಮೆಟ್ಟಿಸಿ, ಫೈನಲ್‌ನಲ್ಲಿ ಇಟಲಿಗೆ ಸೋತು ಬೆಳ್ಳಿ ಪಡೆಯಿತು.

ಈ ತಂಡದ ಬಹುದೊಡ್ಡ ಸಾಧನೆ 1984ರ ಒಲಿಂಪಿಕ್ ಕೂಟದ್ದು. ಸೋವಿಯತ್ ಒಕ್ಕೂಟ ಆ ಕೂಟವನ್ನು ಬಹಿಷ್ಕರಿಸಿತ್ತು ನಿಜ. ಆದರೂ ಯುಗೊಸ್ಲಾವಿಯಾ ಕಣದಲ್ಲಿತ್ತು. ಸೆಮಿಫೈನಲ್‌ನಲ್ಲಿ ಅದನ್ನು ಸ್ಪೇನ್ 74–61ರಿಂದ ಸೋಲಿಸಿತು. ಆಗಸ್ಟ್ 10ರಂದು ನಡೆದ ಫೈನಲ್‌ನಲ್ಲಿ ಎದುರಾದದ್ದು ಮೈಕಲ್ ಜೋರ್ಡನ್, ಪ್ಯಾಟ್ರಿಕ್ ಯೂಯಿಂಗ್, ಕ್ರಿಸ್ ಮಲಿನ್ ಅವರಿದ್ದ ಅಮೆರಿಕದ ಕಾಲೇಜು ತಂಡ. ಅಮೆರಿಕ 96–65ರಿಂದ ನಿರಾಯಾಸವಾಗಿ ಗೆದ್ದಿತು. ಒಲಿಂಪಿಕ್ ಬ್ಯಾಸ್ಕೆಟ್‌ಬಾಲಿನಲ್ಲಿ ಸ್ಪೇನಿಗೆ ಬಂದ ಮೊದಲ ಪದಕ ಇದು. ಲಾಸ್ ಏಂಜಲೀಸಿನ ಸಂಜೆ ಸ್ಪೇನಿನಲ್ಲಿ ನಡುರಾತ್ರಿ ಕಳೆದ ಹೊತ್ತು. ಅಷ್ಟು ಹೊತ್ತಿನಲ್ಲಿಯೂ ಜನ ನಿದ್ದೆಗೆಟ್ಟು ದೂರದರ್ಶನದ ಮುಂದೆ ಕುಳಿತಿದ್ದರು. ಫುಟ್‌ಬಾಲ್ ಬಿಟ್ಟರೆ ಬೇರೆ ಆಟವೇ ಇಲ್ಲವೆಂಬಂತಿದ್ದ ದೇಶದಲ್ಲಿ ಬ್ಯಾಸ್ಕೆಟ್‌ಬಾಲ್ ಮನೆಮಾತಾದದ್ದು ಆ ಬೇಸಿಗೆಯಲ್ಲಿ.

ಅಮೆರಿಕದ ಕರೆ

ಎನ್.ಬಿ.ಎ. ಕ್ಲಬ್ಬುಗಳು ಪ್ರತಿವರ್ಷ ಹೊಸ ಆಟಗಾರರನ್ನು ಸರದಿಯ ಪ್ರಕಾರ ಆರಿಸಿಕೊಳ್ಳುವ ಪದ್ಧತಿಯನ್ನು ಡ್ರಾಫ್ಟ್ ಎನ್ನುತ್ತಾರೆ. 1985ರ ಡ್ರಾಫ್ಟ್‌ನಲ್ಲಿ ನ್ಯೂಜೆರ್ಸಿ ನೆಟ್ಸ್ ಕ್ಲಬ್ಬು ಮಾರ್ಟಿನ್ ಅವರನ್ನು ಎರಡನೆಯ ಸುತ್ತಿನಲ್ಲಿ, ಒಟ್ಟು 38ನೆಯ ಆಯ್ಕೆಯಾಗಿ, ಆರಿಸಿತು. ಆದರೆ ಅವರು ಆ ವರ್ಷ ಮ್ಯಾಡ್ರಿಡ್‌ಗೇ ಮರಳಿದರು. ಮರುವರ್ಷ ಪೋರ್ಟ್‌ಲ್ಯಾಂಡ್ ಟ್ರೈಲ್ ಬ್ಲೇಜರ್ಸ್ ಕ್ಲಬ್ಬಿನೊಡನೆ ಒಪ್ಪಂದ ಮಾಡಿಕೊಂಡರು.

ಈ ನಿರ್ಧಾರದ ತೂಕ ಇಂದಿನ ಓದುಗರಿಗೆ ಸುಲಭವಾಗಿ ಅರ್ಥವಾಗಲಾರದು. ಈಗ ಎನ್.ಬಿ.ಎ. ಕ್ಲಬ್ಬುಗಳಲ್ಲಿ ಯುರೋಪಿನ ಆಟಗಾರರು ಸಾಮಾನ್ಯ. ಆಗ ಪರಿಸ್ಥಿತಿ ಹಾಗಿರಲಿಲ್ಲ. ಯುರೋಪಿನಿಂದ ಹೋಗಿ ಆಡಿದ ಕೆಲವರು ಮೊದಲು ಅಮೆರಿಕದ ಕಾಲೇಜುಗಳಲ್ಲಿ ಓದಿ, ಅಲ್ಲಿನ ಆಟ ಕಲಿತವರು. ಕಾಲೇಜಿನ ಮೆಟ್ಟಿಲು ಹತ್ತದೆ ಯುರೋಪಿನ ಕ್ಲಬ್ಬಿನಿಂದ ನೇರವಾಗಿ ಹೋದವರಲ್ಲಿ ಬಲ್ಗೇರಿಯಾದ ಗಿಯೋರ್ಗಿ ಗ್ಲೂಚ್ಕೊವ್ 1985ರಲ್ಲಿ ಮೊದಲಿಗರು. ಅವರ ಬೆನ್ನಹಿಂದೆಯೇ ಬಂದವರು ಮಾರ್ಟಿನ್.

ಬೆಲೆಯೂ ದೊಡ್ಡದಿತ್ತು. ಅಂತರರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಸಂಸ್ಥೆಯ (ಫೀಬಾ) ಅಂದಿನ ನಿಯಮದಂತೆ ಎನ್.ಬಿ.ಎ.ಯಲ್ಲಿ ಆಡಿದವರು ವೃತ್ತಿಪರರು; ಅಂಥವರು ಒಲಿಂಪಿಕ್ ಕೂಟದಲ್ಲಾಗಲಿ ವಿಶ್ವ ಅಥವಾ ಯುರೋಪಿಯನ್ ಚಾಂಪಿಯನ್‌ಶಿಪ್‌ನಲ್ಲಾಗಲಿ ದೇಶದ ಪರ ಆಡುವಂತಿರಲಿಲ್ಲ. ಸ್ಪೇನಿನ ದೊಡ್ಡ ಕ್ಲಬ್ಬುಗಳೂ ಆಟಗಾರರಿಗೆ ಸಂಬಳ ಕೊಡುತ್ತಿದ್ದವು. ಆದರೂ ಅಲ್ಲಿಯವರಿಗೆ ಈ ನಿಷೇಧ ತಟ್ಟುತ್ತಿರಲಿಲ್ಲ ಎಂಬುದು ನಿಯಮದ ವಿಚಿತ್ರ. ಎಂಬತ್ತಕ್ಕೂ ಹೆಚ್ಚು ಪಂದ್ಯಗಳಲ್ಲಿ ಸ್ಪೇನಿನ ಅಂಗಿ ತೊಟ್ಟಿದ್ದ ಮಾರ್ಟಿನ್, ತಮ್ಮದೇ ದೇಶದಲ್ಲಿ 1986ರ ಬೇಸಿಗೆಯಲ್ಲಿ ನಡೆದ ವಿಶ್ವ ಚಾಂಪಿಯನ್‌ಶಿಪ್ ಮುಗಿಸಿ ಅಮೆರಿಕಕ್ಕೆ ಹೊರಟರು. ಆಗ ಅವರಿಗೆ 24 ವರ್ಷ. ಅದಾದ ಮೇಲೆ 1987ರ ಯುರೋಪಿಯನ್ ಚಾಂಪಿಯನ್‌ಶಿಪ್‌ನಲ್ಲಿ, 1988ರ ಸೋಲ್ ಒಲಿಂಪಿಕ್ ಕೂಟದಲ್ಲಿ ಅವರಿಲ್ಲದೆಯೇ ಸ್ಪೇನ್ ಆಡಬೇಕಾಯಿತು.

ಪೋರ್ಟ್‌ಲ್ಯಾಂಡ್‌ನ ವರ್ಷ

1986ರ ಅಕ್ಟೋಬರ್ 31ರಂದು ಮಾರ್ಟಿನ್ ಎನ್.ಬಿ.ಎ. ಅಂಗಣಕ್ಕೆ ಮೊದಲ ಬಾರಿ ಇಳಿದರು. ಕ್ಲೈಡ್ ಡ್ರೆಕ್ಸ್ಲರ್, ಟೆರಿ ಪೋರ್ಟರ್, ಕಿಕಿ ವ್ಯಾಂಡವೇ, ಜೆರೋಮ್ ಕರ್ಸಿ ಮೊದಲಾದವರಿದ್ದ ಪೋರ್ಟ್‌ಲ್ಯಾಂಡ್ ಬಲವಾದ ತಂಡ. ಆ ಋತುವಿನ 82 ಪಂದ್ಯಗಳಲ್ಲಿ 49ನ್ನು ಗೆದ್ದಿತು. ತರಬೇತುದಾರ ಮೈಕ್ ಶೂಲರ್ ಅವರ ಲೆಕ್ಕಾಚಾರದಲ್ಲಿ ಹೊಸ ಯುರೋಪಿಯನ್ ಆಟಗಾರನಿಗೆ ಹೆಚ್ಚು ಜಾಗ ಇರಲಿಲ್ಲ. ಮ್ಯಾಡ್ರಿಡ್‌ನಲ್ಲಿ ಪಂದ್ಯದ ಬಹುಪಾಲು ಅಂಗಣದಲ್ಲೇ ಇರುತ್ತಿದ್ದವರು ಇಲ್ಲಿ ರಾತ್ರಿಗಳನ್ನು ಬೆಂಚಿನ ಮೇಲೆ ಕಳೆಯಬೇಕಾಯಿತು. ಗಾಯಗಳೂ ಕಾಡಿದವು.

ಒಟ್ಟು 24 ಪಂದ್ಯಗಳು, ಪ್ರತಿ ಪಂದ್ಯದಲ್ಲಿ ಸರಾಸರಿ ಆರು ನಿಮಿಷ, 0.9 ಅಂಕ, 1.2 ರೀಬೌಂಡ್: ದಾಖಲೆಯ ಪುಸ್ತಕದಲ್ಲಿ ಉಳಿದಿರುವುದು ಇಷ್ಟೇ. ಈ ಅಂಕಿಗಳನ್ನು ಮುಂದಿಟ್ಟು ಅವರ ಅಮೆರಿಕ ಪ್ರವಾಸ ವಿಫಲವೆಂದು ಬರೆದವರಿದ್ದಾರೆ. ಆಟದ ಲೆಕ್ಕದಲ್ಲಿ ಆ ಮಾತನ್ನು ಅಲ್ಲಗಳೆಯಲಾಗದು. ಆದರೆ ಯುರೋಪಿಯನ್ನರು ಮೃದು ಆಟಗಾರರು, ಅಮೆರಿಕದ ಹೊಡೆತ ತಾಳಲಾರರು ಎಂಬ ಅಭಿಪ್ರಾಯ ಅಲ್ಲಿ ಬೇರುಬಿಟ್ಟಿದ್ದ ಕಾಲವದು. ಪೋರ್ಟ್‌ಲ್ಯಾಂಡ್ ಅದೇ 1986ರ ಡ್ರಾಫ್ಟ್‌ನಲ್ಲಿ ಲಿಥುವೇನಿಯಾದ ಅರ್ವಿದಾಸ್ ಸಬೋನಿಸ್ ಮತ್ತು ಪೆಟ್ರೋವಿಚ್ ಇಬ್ಬರನ್ನೂ ಆರಿಸಿಕೊಂಡಿತ್ತು. ಅವರು ಬಂದು ಸೇರಲು ಹಲವು ವರ್ಷಗಳು ಹಿಡಿದವು. ಸ್ಪೇನಿನಿಂದ ಎನ್.ಬಿ.ಎ.ಗೆ ಮಾರ್ಟಿನ್ ಅವರ ನಂತರದ ಆಟಗಾರ ಹೋದದ್ದು 2001ರಲ್ಲಿ. ಅವರೇ ಪೌ ಗಸೋಲ್. ಒಬ್ಬರಿಗೂ ಇನ್ನೊಬ್ಬರಿಗೂ ನಡುವೆ ಹದಿನೈದು ವರ್ಷಗಳ ಅಂತರ.

ಮರಳಿ ಮ್ಯಾಡ್ರಿಡ್‌ಗೆ

1987ರಲ್ಲಿ ಮಾರ್ಟಿನ್ ರಿಯಲ್ ಮ್ಯಾಡ್ರಿಡ್‌ಗೆ ಹಿಂದಿರುಗಿದರು. ಅವರು ಬಿಟ್ಟುಹೋದ ಲೀಗ್ ಈಗ ಬದಲಾಗಿತ್ತು. ಬಾರ್ಸಿಲೋನಾ 1987ರಿಂದ 1990ರವರೆಗೆ ಸತತ ನಾಲ್ಕು ಬಾರಿ ಚಾಂಪಿಯನ್ ಆಯಿತು. 1988 ಮತ್ತು 1989ರ ಫೈನಲ್ ಸರಣಿಗಳಲ್ಲಿ ಎದುರಾಳಿ ರಿಯಲ್ ಮ್ಯಾಡ್ರಿಡ್. ಎರಡು ಸಲವೂ ಐದನೆಯ ಪಂದ್ಯದವರೆಗೆ ಹೋರಾಡಿ 3–2ರಿಂದ ಸೋತಿತು.

ಈ ವರ್ಷಗಳಲ್ಲಿ ಸ್ಪೇನಿನ ಜನ ಕಾದು ನೋಡುತ್ತಿದ್ದದ್ದು ಮಾರ್ಟಿನ್ ಮತ್ತು ಬಾರ್ಸಿಲೋನಾದ ಅಮೆರಿಕನ್ ಸೆಂಟರ್ ಆಡಿ ನಾರಿಸ್ ನಡುವಿನ ಸೆಣಸಾಟವನ್ನು. ನಾರಿಸ್ ಕೂಡ ಹಿಂದೆ ಪೋರ್ಟ್‌ಲ್ಯಾಂಡ್ ಪರ ಆಡಿದವರು. ಬುಟ್ಟಿಯ ಕೆಳಗೆ ಮೈಗೆ ಮೈ ತಾಗಿಸಿ, ಒಂದಂಗುಲ ಜಾಗವನ್ನೂ ಬಿಟ್ಟುಕೊಡದೆ ಇಬ್ಬರೂ ಆಡುತ್ತಿದ್ದ ಪರಿಯನ್ನು ಅಂದಿನ ಪ್ರೇಕ್ಷಕರು ಇಂದಿಗೂ ನೆನೆಯುತ್ತಾರೆ. ಎರಡು ಕ್ಲಬ್ಬುಗಳ ಹಳೆಯ ಪೈಪೋಟಿಗೆ ಇದೊಂದು ಮುಖವಾಗಿ ಪರಿಣಮಿಸಿತ್ತು.

1988ರಲ್ಲಿ ರಿಯಲ್ ಮ್ಯಾಡ್ರಿಡ್ ಸಿಬೊನಾವನ್ನು ಸೋಲಿಸಿ ಕೊರಾಚ್ ಕಪ್ ಗೆದ್ದಿತು. ಅದಾದ ಕೆಲವೇ ತಿಂಗಳಿಗೆ ಸಿಬೊನಾದ ನಾಯಕ ಪೆಟ್ರೋವಿಚ್ ಮ್ಯಾಡ್ರಿಡ್‌ಗೆ ಬಂದರು. ನಿನ್ನೆಯ ವೈರಿ ಇಂದಿನ ಜೊತೆಗಾರನಾದ ಈ ಋತುವಿನಲ್ಲಿ ತಂಡ ಎರಡು ಕಪ್‌ಗಳನ್ನು ಗೆದ್ದಿತು: ಬಾರ್ಸಿಲೋನಾ ವಿರುದ್ಧ ಕೋಪಾ ದೆಲ್ ರೇ ಹಾಗೂ 1989ರ ಮಾರ್ಚ್ 14ರಂದು ಅಥೆನ್ಸ್ ಬಳಿ ಇಟಲಿಯ ಕಸೆರ್ಟಾ ವಿರುದ್ಧ ಕಪ್ ವಿಜೇತರ ಕಪ್. ಹೆಚ್ಚುವರಿ ಸಮಯದವರೆಗೆ ಎಳೆದ ಆ ಪಂದ್ಯವನ್ನು ರಿಯಲ್ ಮ್ಯಾಡ್ರಿಡ್ 117–113ರಿಂದ ಗೆದ್ದಿತು. ಪೆಟ್ರೋವಿಚ್ ಒಬ್ಬರೇ 62 ಅಂಕ ಗಳಿಸಿದರು. ಚೆಂಡು ಸದಾ ಒಬ್ಬರ ಕೈಯಲ್ಲೇ ಇರುವ ತಂಡದಲ್ಲಿ ಉಳಿದವರಿಗೆ ಕಸಿವಿಸಿಯಾಗುವುದು ಸಹಜ. ಅಂದಿನ ಸ್ಪೇನಿನ ಪತ್ರಿಕೆಗಳು ತಂಡದೊಳಗಿನ ಈ ಇರುಸುಮುರುಸನ್ನು ಮರೆಮಾಚಲಿಲ್ಲ. ಒಂದೇ ಋತು ಆಡಿ ಪೆಟ್ರೋವಿಚ್ ಪೋರ್ಟ್‌ಲ್ಯಾಂಡ್‌ಗೆ ಹೊರಟುಹೋದರು.

1989ರ ಏಪ್ರಿಲ್‌ನಲ್ಲಿ ಫೀಬಾ ತನ್ನ ನಿಯಮವನ್ನು ಬದಲಿಸಿ ಎನ್.ಬಿ.ಎ. ಆಟಗಾರರಿಗೂ ಬಾಗಿಲು ತೆರೆಯಿತು. 1992ರ ಒಲಿಂಪಿಕ್ ಕೂಟ ಬಾರ್ಸಿಲೋನಾದಲ್ಲೇ ನಡೆಯಲಿತ್ತು. ಆ ಹೊತ್ತಿಗೆ ಮಾರ್ಟಿನ್ ಅವರಿಗೆ ಮೂವತ್ತು ತುಂಬುತ್ತಿತ್ತು.

ನಿಧನ

1989ರ ಚಳಿಗಾಲದ ಆರಂಭದಲ್ಲಿ ಮಾರ್ಟಿನ್ ಬೆನ್ನಿನ ತೊಂದರೆಯಿಂದ ಬಳಲುತ್ತಿದ್ದರು. ಡಿಸೆಂಬರ್ 3, ಭಾನುವಾರ, ಮ್ಯಾಡ್ರಿಡ್‌ನ ಕ್ರೀಡಾ ಅರಮನೆಯಲ್ಲಿ ಜಾರಗೋಸಾ ತಂಡದ ವಿರುದ್ಧ ಲೀಗ್ ಪಂದ್ಯವಿತ್ತು. ಅದರಲ್ಲಿ ಅವರು ಆಡುವಂತಿರಲಿಲ್ಲ. ಜೊತೆಗಾರರೊಡನೆ ಇರುವುದಕ್ಕಾಗಿ ಮಾತ್ರ ಹೊರಟಿದ್ದರು. ಮಧ್ಯಾಹ್ನ ಸುಮಾರು ಮೂರು ಗಂಟೆಗೆ, ನಗರವನ್ನು ಸುತ್ತುವರಿಯುವ ಎಂ–30 ಹೆದ್ದಾರಿಯಲ್ಲಿ ಅವರ ಲಾನ್ಸಿಯಾ ಕಾರು ಹತೋಟಿ ತಪ್ಪಿ, ರಸ್ತೆ ವಿಭಜಕವನ್ನು ದಾಟಿ, ಎದುರು ದಿಕ್ಕಿನಿಂದ ಬರುತ್ತಿದ್ದ ವಾಹನಕ್ಕೆ ಅಪ್ಪಳಿಸಿತು. ಆ ವಾಹನದ ಚಾಲಕರು ತೀವ್ರವಾಗಿ ಗಾಯಗೊಂಡರು. ಮಾರ್ಟಿನ್ ಬದುಕುಳಿಯಲಿಲ್ಲ.

ಸುದ್ದಿ ಮುಟ್ಟಿದಾಗ ಎರಡೂ ತಂಡಗಳು ಪಂದ್ಯಕ್ಕೆ ಅಣಿಯಾಗುತ್ತಿದ್ದವು. ಪಂದ್ಯವನ್ನು ರದ್ದುಪಡಿಸಲಾಯಿತು. ಅದೇ ತಂಡದಲ್ಲಿ ಆಡುತ್ತಿದ್ದ ಅವರ ತಮ್ಮ ಆಂಟೋನಿಯೊ ಮಾರ್ಟಿನ್ ಅಣ್ಣನನ್ನು ಕಳೆದುಕೊಂಡರು. ಕೆಲವೇ ದಿನಗಳಲ್ಲಿ ಗ್ರೀಸ್‌ನ ಪಾವೊಕ್ ತಂಡದ ವಿರುದ್ಧದ ಯುರೋಪಿಯನ್ ಪಂದ್ಯಕ್ಕೆ ರಿಯಲ್ ಮ್ಯಾಡ್ರಿಡ್ ಅಂಗಣಕ್ಕಿಳಿಯಬೇಕಾಯಿತು. ಅಂದು 10ನೆಯ ಸಂಖ್ಯೆಯ ಅಂಗಿಯನ್ನು ಬೆಂಚಿನ ಮೇಲೆ ಇಡಲಾಗಿತ್ತು. ಆಂಟೋನಿಯೊ ಅಂದು ಆಡಿದರು, ತಂಡ ಗೆದ್ದಿತು.

ಸಾಧನೆಗಳು

ರಿಯಲ್ ಮ್ಯಾಡ್ರಿಡ್ ಪರವಾಗಿ ನಾಲ್ಕು ಲೀಗ್ ಪ್ರಶಸ್ತಿ (1982, 1984, 1985, 1986), ಮೂರು ಕೋಪಾ ದೆಲ್ ರೇ (1985, 1986, 1989), ಎರಡು ಕಪ್ ವಿಜೇತರ ಕಪ್ (1984, 1989), ಒಂದು ಕೊರಾಚ್ ಕಪ್ (1988) ಮತ್ತು ಒಂದು ವಿಶ್ವ ಕ್ಲಬ್ಬುಗಳ ಕಪ್ (1981) ಅವರ ಪಾಲಿಗೆ ಬಂದವು. ರಾಷ್ಟ್ರೀಯ ತಂಡದಲ್ಲಿ 1983ರ ಯುರೋಪಿಯನ್ ಬೆಳ್ಳಿ, 1984ರ ಒಲಿಂಪಿಕ್ ಬೆಳ್ಳಿ. 1991ರಲ್ಲಿ ಫೀಬಾ ಹೆಸರಿಸಿದ ಐವತ್ತು ಶ್ರೇಷ್ಠ ಆಟಗಾರರ ಪಟ್ಟಿಯಲ್ಲಿ ಅವರೂ ಸೇರಿದ್ದಾರೆ.

ನಂತರದ ದಿನಗಳು

ರಿಯಲ್ ಮ್ಯಾಡ್ರಿಡ್‌ಗೆ ಎಂಟನೆಯ ಯುರೋಪಿಯನ್ ಕಪ್ ಒಲಿದದ್ದು 1995ರಲ್ಲಿ, ಜಾರಗೋಸಾ ನಗರದಲ್ಲಿ. ಸಬೋನಿಸ್ ಮುಂಚೂಣಿಯಲ್ಲಿದ್ದ ಆ ತಂಡದಲ್ಲಿ ಆಂಟೋನಿಯೊ ಮಾರ್ಟಿನ್ ಕೂಡ ಇದ್ದರು. ಅಣ್ಣನ ಕೈತಪ್ಪಿದ್ದ ಕಪ್ ತಮ್ಮನ ಕೈಸೇರಿತು. ಆಂಟೋನಿಯೊ ಮುಂದೆ 2018ರಲ್ಲಿ ಎ.ಸಿ.ಬಿ. ಲೀಗಿನ ಅಧ್ಯಕ್ಷರಾದರು. ಪೆಟ್ರೋವಿಚ್ 1993ರ ಜೂನ್ 7ರಂದು ಜರ್ಮನಿಯಲ್ಲಿ ಕಾರು ಅಪಘಾತದಲ್ಲಿಯೇ ತೀರಿಕೊಂಡರು. ಅವರಿಗೆ ಆಗ 28 ವರ್ಷ.

ಮ್ಯಾಡ್ರಿಡ್‌ನ ದಕ್ಷಿಣಕ್ಕಿರುವ ಫುಯೆನ್ಲಬ್ರಾದಾ ಪಟ್ಟಣದ ಒಳಾಂಗಣ ಕ್ರೀಡಾಂಗಣಕ್ಕೆ ಫರ್ನಾಂಡೊ ಮಾರ್ಟಿನ್ ಅವರ ಹೆಸರಿಡಲಾಗಿದೆ. ಆ ಊರಿನ ಬ್ಯಾಸ್ಕೆಟ್‌ಬಾಲ್ ಕ್ಲಬ್ಬು ತನ್ನ ಪಂದ್ಯಗಳನ್ನು ಅಲ್ಲಿಯೇ ಆಡುತ್ತದೆ.